ಮರದ್ದು ಅಂದಮಾತ್ರಕ್ಕೆ ಹೊಗೆ ಪ್ರಸಾದವಲ್ಲ

ಈ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಒಬ್ಬ ಹುಡುಗ ಮರದಿಂದ ಇಳಿದ ಗಟ್ಟಿ ಅಂಟನ್ನು ಕುಟ್ಟಿ ಪುಡಿ ಮಾಡುತ್ತಾನೆ. ಹಳೇ ಟಾನಿಕ್ ಬಾಟಲಿಗೆ ಹಾಕಿ, ಸ್ಪಿರಿಟ್ ಸುರಿದು ಕುಲುಕುತ್ತಾನೆ. ಜೇನಿನ ಬಣ್ಣದ ದ್ರವ ತಯಾರು. ಅದನ್ನು ತಾಮ್ರದ ತಂತಿಗೆ ಸವರಿ ಬಿಸಿ ಐರನ್ ಇಟ್ಟರೆ ಬೆಸುಗೆ ಹೊಳೆಯುತ್ತದೆ. ಕೊನೆಗೆ ಕ್ಯಾಮೆರಾ ನೋಡಿ ಮೂರು ಮಾತು ಹೇಳುತ್ತಾನೆ: ಪೂರಾ ನ್ಯಾಚುರಲ್, ಕೆಮಿಕಲ್ ಇಲ್ಲ, ಹಾನಿ ಇಲ್ಲ.

ಅವನ ಬೆಸುಗೆ ಬಗ್ಗೆ ನನ್ನ ತಕರಾರಿಲ್ಲ. ಕೆಲಸ ಕಲಿತ ಹುಡುಗ, ಕೈ ಚೆನ್ನಾಗಿದೆ. ನನ್ನ ಜಗಳ ಇರುವುದು ಆ ಮೂರು ಮಾತುಗಳ ಜೊತೆ. ಯಾಕೆಂದರೆ ಆ ಮಾತು ನಂಬಿಕೊಂಡು ನಮ್ಮ ಹಳ್ಳಿಗಳ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ದಿನಕ್ಕೆ ಎಂಟು ಹತ್ತು ಗಂಟೆ ಆ ಹೊಗೆಯ ಮೇಲೆ ಬಗ್ಗಿ ಕೂತಿದ್ದಾರೆ.

ನಾನೇ ಮಾಡಿದ ತಪ್ಪು

ಈ ಜಗಳ ನನ್ನಿಂದಲೇ ಶುರುವಾಗಬೇಕು. ಎರಡು ವರ್ಷದ ಹಿಂದೆ ನಾನೂ ಇಂಥದ್ದೇ ಒಂದು ಸುದ್ದಿ ಕಳಿಸಿದ್ದೆ. ನಮ್ಮ ತಾಲ್ಲೂಕಿನ ರಿಪೇರಿ ಅಂಗಡಿಯ ಹುಡುಗ ತನಗೆ ಬೇಕಾದ ಫ್ಲಕ್ಸನ್ನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದ. ಫೋಟೋ ಚೆನ್ನಾಗಿ ಬಂತು, ಜಿಲ್ಲಾ ಪುಟದಲ್ಲಿ ಒಳ್ಳೇ ಜಾಗ ಸಿಕ್ಕಿತು. 'ಹಾನಿಯಿಲ್ಲದ ನೈಸರ್ಗಿಕ ಫ್ಲಕ್ಸ್' ಎಂಬ ತಲೆಬರಹ ನಾನೇ ಕೊಟ್ಟದ್ದು. ಹಾನಿಯಿಲ್ಲ ಅಂತ ಯಾರನ್ನು ಕೇಳಿ ಬರೆದೆ? ಯಾರನ್ನೂ ಇಲ್ಲ. ಮರದ್ದು ಅಂದರು, ಬರೆದೆ.

ವಾರ ಕಳೆಯುವುದರೊಳಗೆ ಕುಣಿಗಲ್ ಕಡೆಯಿಂದ ಒಬ್ಬ ತಾಯಿ ಫೋನ್ ಮಾಡಿದರು. "ಪೇಪರ್ನೋರೇನಪ್ಪಾ? ನಮ್ಮುಡ್ಗಿ ಪೀಣ್ಯದಲ್ಲಿ ಇದೇ ಕೆಲ್ಸ ಮಾಡ್ತಾಳೆ. ಹಬ್ಬಕ್ಕೆ ಊರಿಗೆ ಬಂದ್ರೆ ಕೆಮ್ಮು ಇರಲ್ಲ. ವಾಪಸ್ ಹೋಗಿ ನಾಕು ದಿನಕ್ಕೆ ಮತ್ತೆ ಶುರು. ಇದು ಮರದ್ದೇ, ಏನೂ ಆಗಲ್ಲ ಅಂತ ನೀನು ಬರ್ದಿದ್ದೀಯ. ಹಂಗಾದ್ರೆ ಯಾಕಪ್ಪಾ ಕೆಮ್ಮು?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಬೆಂಗಳೂರಿನ ಧೂಳಿಗೆ ಇರಬಹುದಮ್ಮ" ಅಂತ ತೇಲಿಸಿದೆ. ಫೋನ್ ಇಟ್ಟಮೇಲೆ ನಾಚಿಕೆಯಾಯಿತು. ಆಮೇಲೆ ಓದಿದೆ, ಡಾಕ್ಟರುಗಳನ್ನು ಕೇಳಿದೆ, ಪೀಣ್ಯ, ಲಗ್ಗೆರೆ, ಹೆಗ್ಗನಹಳ್ಳಿ ಕಡೆಯ ಸಣ್ಣ ಶೆಡ್ಡುಗಳ ಬಾಗಿಲಲ್ಲಿ ನಿಂತು ನೋಡಿದೆ. ಆ ತಾಯಿಯ ಪ್ರಶ್ನೆ ಸರಿಯಾಗಿತ್ತು. ತಪ್ಪಿದ್ದದ್ದು ನನ್ನ ತಲೆಬರಹ.

ರಾಳದ ದೊಡ್ಡತನ ಮೊದಲು ಒಪ್ಪಿಕೊಳ್ಳೋಣ

ಬೈಯುವುದಕ್ಕೆ ಮೊದಲು ರಾಳಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಬೇಕು. ತಾಮ್ರ ಗಾಳಿಗೆ ಬಿಟ್ಟರೆ ಕಂದುತ್ತದೆ. ಆ ಕಂದಿದ ಪದರದ ಮೇಲೆ ಕರಗಿದ ತವರ, ಸೀಸ ನಿಲ್ಲುವುದಿಲ್ಲ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಗುಂಡಗೆ ಉರುಳಿ ಹೋಗುತ್ತದೆ. ಆ ಪದರ ತೆಗೆಯುವುದಕ್ಕೇ ಫ್ಲಕ್ಸ್ ಬೇಕು.

ಇದು ನಮಗೆ ಹೊಸ ವಿದ್ಯೆ ಅಲ್ಲ. ಅಕ್ಕಸಾಲಿಗರು ಬೆಸುಗೆಗೆ ಬಿಳಿಗಾರ ಬಳಸುತ್ತಾರೆ. ಪಾತ್ರೆಗೆ ಕಲಾಯಿ ಹಾಕುವವರು ನವಸಾಗರದ ಪುಡಿ ಉದುರಿಸಿ ತವರ ಸವರುತ್ತಿದ್ದರು. ಭುಸ್ಸೆಂದು ಏಳುತ್ತಿದ್ದ ಆ ಬಿಳಿ ಹೊಗೆ ನಮ್ಮ ಅಮ್ಮಂದಿರಿಗೆ ಇನ್ನೂ ನೆನಪಿದೆ. ಎಲ್ಲವೂ ಒಂದೇ ಕೆಲಸ: ಲೋಹದ ಮುಖ ತೊಳೆಯುವುದು.

ವಿದ್ಯುತ್ ಕೆಲಸಕ್ಕೆ ಇವೆರಡೂ ಆಗಿಬರಲಿಲ್ಲ. ಬಿಳಿಗಾರಕ್ಕೆ ತುಂಬಾ ಶಾಖ ಬೇಕು. ನವಸಾಗರ ಉಳಿದುಕೊಂಡರೆ ತಂತಿಯನ್ನು ನಿಧಾನವಾಗಿ ತಿನ್ನುತ್ತದೆ. ಪೈನ್ ಮರದ ರಾಳದ ಗುಣ ಬೇರೆ. ಹಿಮಾಚಲ, ಉತ್ತರಾಖಂಡದ ಬೆಟ್ಟಗಳಲ್ಲಿ ಚಿರ್ ಪೈನ್ ಮರಕ್ಕೆ ಗಾಯ ಮಾಡಿ ಜಿಗುಟು ರಸ ಇಳಿಸುತ್ತಾರೆ. ಅದನ್ನು ಬಟ್ಟಿ ಇಳಿಸಿದರೆ ಟರ್ಪೆಂಟೈನ್ ಎಣ್ಣೆ ಹಾರಿಹೋಗಿ, ಗಾಜಿನ ಹಾಗೆ ಒಡೆಯುವ ಹಳದಿ ಗಟ್ಟಿ ಉಳಿಯುತ್ತದೆ. ಅದೇ ರೋಸಿನ್. ಪಿಟೀಲಿನ ಕಮಾನಿಗೆ ಉಜ್ಜುವುದೂ ಅದನ್ನೇ.

ಅದರೊಳಗೆ ಅಬಿಯೆಟಿಕ್ ಆಮ್ಲ ಎಂಬ ಮೆದು ಆಮ್ಲ ಇದೆ. ತಣ್ಣಗಿರುವಾಗ ಅದು ನಿದ್ದೆ ಮಾಡುತ್ತಿರುತ್ತದೆ. ಬಿಸಿಯಾದಾಗ ಎದ್ದು ತಾಮ್ರದ ಕಂದನ್ನು ತಿನ್ನುತ್ತದೆ. ಆರಿದ ಮೇಲೆ ಮತ್ತೆ ಗಾಜಾಗಿ ಕೂರುತ್ತದೆ, ಕರೆಂಟ್ ಹರಿಸುವುದಿಲ್ಲ, ಲೋಹ ತಿನ್ನುವುದಿಲ್ಲ. ಇಂಥ ನಿಯತ್ತಿನ ಕೆಲಸಗಾರ ಸಿಗುವುದು ಕಷ್ಟ. ಆದ್ದರಿಂದಲೇ ಅಂಗಡಿಯಲ್ಲಿ ಸಿಗುವ ಬಹುಪಾಲು ಸೋಲ್ಡರ್ ವೈರಿನ ಹೊಟ್ಟೆಯಲ್ಲಿ ಫ್ಲಕ್ಸ್ ತುಂಬಿಯೇ ಇರುತ್ತದೆ, ಸಾಮಾನ್ಯವಾಗಿ ಅದು ಇದೇ ರಾಳ. ಮೇಲಿನಿಂದ ಇನ್ನಷ್ಟು ಸುರಿಯುವ ಅಗತ್ಯ ಹೊಸ ಕೆಲಸಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಸುರಿದಷ್ಟೂ ಹೊಗೆ ಹೆಚ್ಚು.

ಅಂಟೆಲ್ಲ ರಾಳವಲ್ಲ

ವಿಡಿಯೋ ನೋಡಿ ನಮ್ಮೂರ ಹುಡುಗರು ಜಾಲಿ ಮರದ ಅಂಟು, ಬೇವಿನ ಅಂಟು, ನುಗ್ಗೆಯ ಅಂಟು ಕೆರೆದು ತರುತ್ತಿದ್ದಾರೆ. ಅದರಿಂದ ಬೆಸುಗೆ ಆಗದು. ಅವು ಗೋಂದು. ನೀರಿನಲ್ಲಿ ನೆಂದು ಉಬ್ಬುತ್ತವೆ ಇಲ್ಲವೇ ಕರಗುತ್ತವೆ, ಐರನ್ ತಾಗಿದರೆ ಸೀದು ಕರಿ ಆಗುತ್ತವೆ. ರಾಳ ಇದಕ್ಕೆ ತದ್ವಿರುದ್ಧ. ನೀರಿಗೆ ಜಗ್ಗುವುದಿಲ್ಲ, ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಬಿಸಿಗೆ ಎಣ್ಣೆಯಂತೆ ಇಳಿಯುತ್ತದೆ. ಒಂದು ತುಂಡನ್ನು ರಾತ್ರಿ ನೀರಿನ ಲೋಟಕ್ಕೆ ಹಾಕಿಡಿ. ಬೆಳಿಗ್ಗೆ ಲೋಳೆಯಾಗಿದ್ದರೆ ಅದು ಗೋಂದು. ಹಲಸಿನ ಮೇಣವಂತೂ ಎರಡೂ ಅಲ್ಲ, ಅದು ಬೇರೆಯೇ ಜಾತಿ.

ಗ್ರಂಧಿಗೆ ಅಂಗಡಿಯಲ್ಲಿ 'ರಾಳ' ಅಂತ ಕೇಳಿದರೆ ಏನು ಕೊಡುತ್ತಾರೋ ಅದನ್ನೂ ನೋಡಿ ತಗೊಳ್ಳಿ. ಪೂಜೆಗೆ ಹೊಗೆ ಹಾಕುವ ಧೂಪದ ರಾಳ, ಯಕ್ಷಗಾನದಲ್ಲಿ ರಕ್ಕಸನ ವೇಷ ಬರುವಾಗ ದೊಂದಿಗೆ ಎರಚುವ ರಾಳದ ಪುಡಿ, ಎಲ್ಲಕ್ಕೂ ಹೆಸರು ಒಂದೇ, ಮರ ಬೇರೆ ಬೇರೆ ಇರಬಹುದು. ನಮ್ಮ ಪಶ್ಚಿಮಘಟ್ಟದ ಧೂಪದ ಮರದ ರಾಳ ವಾರ್ನಿಶ್‌ಗೆ ಚೆನ್ನಾಗಿ ಬರುತ್ತದೆ. ಆದರೆ ಪೈನ್ ರಾಳದಲ್ಲಿರುವಷ್ಟು ಆಮ್ಲ ಅದರಲ್ಲಿಲ್ಲ, ಬೆಸುಗೆಗೆ ಅದು ಬಡವ. ಅಷ್ಟಕ್ಕಾಗಿ ಮಲೆನಾಡಿನ ಮರಕ್ಕೆ ಕೊಡಲಿ ಬೀಸಿದರೆ ಫ್ಲಕ್ಸೂ ಸಿಗುವುದಿಲ್ಲ, ಮರವೂ ಉಳಿಯುವುದಿಲ್ಲ.

ಇನ್ನು ಕರಗಿಸುವ ಸ್ಪಿರಿಟ್. ಕೊರೋನಾ ಕಾಲದ ಸ್ಯಾನಿಟೈಸರ್ ಉಳಿದಿದೆ ಅಂತ ಅದನ್ನೇ ಸುರಿಯುವವರಿದ್ದಾರೆ. ಅದರಲ್ಲಿ ನೀರಿದೆ, ಗ್ಲಿಸರಿನ್ ಇದೆ. ನೀರಿಗೆ ರಾಳ ಹಾಲಿನಂತೆ ಒಡೆಯುತ್ತದೆ, ಗ್ಲಿಸರಿನ್ ಬೋರ್ಡಿನ ಮೇಲೆ ಜಿಡ್ಡಾಗಿ ಉಳಿಯುತ್ತದೆ. ಪೆಟ್ರೋಲ್, ಪೇಂಟ್ ಥಿನ್ನರ್ ಹಾಕುವುದು ಹುಚ್ಚುತನ. ಮಾಡಲೇಬೇಕು ಅಂದರೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ 100 ಮಿ.ಲೀ.ಗೆ ಸುಮಾರು 25 ಗ್ರಾಂ ರೋಸಿನ್ ಪುಡಿ ಹಾಕಿ, ಮುಚ್ಚಳ ಬಿಗಿ ಮಾಡಿ ರಾತ್ರಿ ಇಡಿ. ತಾನಾಗಿ ಕರಗುತ್ತದೆ. ಗ್ಯಾಸ್ ಒಲೆ ಮೇಲೆ ಇಟ್ಟು ಬಿಸಿ ಮಾಡಬೇಡಿ. ಈ ಆಲ್ಕೋಹಾಲಿನ ಆವಿ ನಮ್ಮ ಊರಿನ ಸಾಧಾರಣ ಸೆಕೆಗೇ ಬೆಂಕಿ ಹಿಡಿಯುತ್ತದೆ. ಬಾಟಲಿಗೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ. ಟಾನಿಕ್ ಬಾಟಲಿ ಮಾತ್ರ ಬೇಡವೇ ಬೇಡ.

ಈಗ ಹೊಗೆಯ ವಿಚಾರ

ಸೋಲ್ಡರಿಂಗ್ ಐರನ್ನಿನಿಂದ ಏಳುವ ಆ ಬಿಳಿ ಎಳೆ ಸೀಸದ ಹೊಗೆ ಅಂತ ಎಲ್ಲರೂ ತಿಳಿದಿದ್ದಾರೆ. ಅಲ್ಲ. ಸೀಸ ಕುದಿಯುವುದು 1749 ಡಿಗ್ರಿಯಲ್ಲಿ. ಐರನ್ನಿನ ತುದಿ 300, 400 ಡಿಗ್ರಿ ದಾಟುವುದೇ ಕಷ್ಟ. ಸೀಸ ಮೈಸೇರುವುದು ಹೆಚ್ಚಾಗಿ ಕೈಯಿಂದ ಬಾಯಿಗೆ, ಬೆಂಚಿನ ಮೇಲೇ ಊಟ ಮಾಡುವುದರಿಂದ. ಆ ಬಿಳಿ ಹೊಗೆ ಬಹುಪಾಲು ಸುಟ್ಟ ರಾಳ. ಅಂದರೆ ಯಾವುದನ್ನು ನಾವು 'ಮರದ್ದು, ಏನೂ ಆಗಲ್ಲ' ಅಂತ ಬಿಟ್ಟಿದ್ದೆವೋ ಅದೇ.

ಬ್ರಿಟನ್ನಿನಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಚ್‌ಎಸ್‌ಇ. ಕೆಲಸದಿಂದ ಬರುವ ಅಸ್ತಮಾದ ಮುಖ್ಯ ಕಾರಣಗಳ ಪಟ್ಟಿಯಲ್ಲಿ ಅದು ಹಿಟ್ಟಿನ ಧೂಳು, ಪೇಂಟಿನ ಐಸೊಸಯನೇಟ್ ಜೊತೆಗೆ ರಾಳದ ಬೆಸುಗೆ ಹೊಗೆಯನ್ನೂ ಇಟ್ಟಿದೆ. ಅಲ್ಲಿನ ಮಿತಿ ಎಷ್ಟು ಗೊತ್ತೇ? ಎಂಟು ಗಂಟೆಯ ಸರಾಸರಿಗೆ ಒಂದು ಘನ ಮೀಟರ್ ಗಾಳಿಯಲ್ಲಿ 0.05 ಮಿಲಿಗ್ರಾಂ. ಹದಿನೈದು ನಿಮಿಷಕ್ಕೆ 0.15 ಮಿಲಿಗ್ರಾಂ. ಅದಕ್ಕಿಂತಲೂ ಆದಷ್ಟು ಕೆಳಗೇ ಇರಬೇಕು ಅಂತಲೂ ನಿಯಮ. ಏನೂ ಆಗದ ವಸ್ತುವಿಗೆ ಯಾವ ಸರ್ಕಾರವೂ ಇಂಥ ಮಿತಿ ಹಾಕುವುದಿಲ್ಲ.

ಈ ಕಾಯಿಲೆ ಬರುವ ರೀತಿಯೇ ಮೋಸದ್ದು. ಮೊದಲ ದಿನ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಒಳಗೇ ಮೈ ಆ ಹೊಗೆಯನ್ನು ಶತ್ರು ಅಂತ ಗುರುತು ಹಾಕಿಕೊಳ್ಳುತ್ತದೆ. ಒಮ್ಮೆ ಗುರುತು ಬಿತ್ತೋ, ಆಮೇಲೆ ಚೂರು ಹೊಗೆ ಸಾಕು. ಕಣ್ಣು ಉರಿ, ಮೂಗು ಸುರಿ, ರಾತ್ರಿ ಒಣ ಕೆಮ್ಮು, ಎದೆ ಬಿಗಿತ, ಉಬ್ಬಸ. ರಜೆಯಲ್ಲಿ ಕಡಿಮೆ, ಕೆಲಸಕ್ಕೆ ಹೋದರೆ ಜಾಸ್ತಿ.

ಕುಣಿಗಲ್ಲಿನ ಆ ತಾಯಿ ಹೇಳಿದ್ದು ಅಕ್ಷರಶಃ ಇದನ್ನೇ. ಡಾಕ್ಟರುಗಳು ಇಂಥ ಅಸ್ತಮಾದ ಮೇಲೆ ಅನುಮಾನ ಪಡುವ ಮೊದಲ ಗುರುತೇ ಇದು. ನಾವು ಮಾತ್ರ 'ಊರಿನ ಗಾಳಿ ಒಳ್ಳೇದು', 'ಬೆಂಗಳೂರಿನ ನೀರು ಒಗ್ಗಲಿಲ್ಲ' ಅಂತ ಹೇಳಿ ಮಗಳನ್ನು ಮತ್ತೆ ಬಸ್ ಹತ್ತಿಸುತ್ತೇವೆ.

'ಮೂವತ್ತು ವರ್ಷದಿಂದ ಯಾರಿಗೂ ಏನೂ ಆಗಿಲ್ಲ'

ಶೆಡ್ ಮಾಲೀಕರನ್ನು ಕೇಳಿದಾಗಲೆಲ್ಲ ಸಿಕ್ಕ ಉತ್ತರ ಇದು. ಜೊತೆಗೆ ಇನ್ನೊಂದು: "ಶುಕ್ರವಾರ ನಿಮ್ಮನೇಲಿ ಧೂಪ ಹಾಕಲ್ವಾ ಸಾರ್?"

ಧೂಪ ಹಾಕುತ್ತೇವೆ. ವಾರಕ್ಕೊಂದು ದಿನ, ಹತ್ತು ನಿಮಿಷ, ಬಾಗಿಲು ತೆರೆದು. ಧೂಪಾರತಿಗೆ ಮೂಗು ತಾಗಿಸಿ ಎಂಟು ಗಂಟೆ ಯಾರೂ ಕೂರುವುದಿಲ್ಲ. ಬೆಂಚಿನ ಮೇಲೆ ಸಣ್ಣ ಕಾಲುಗಳಿಗೆ ಬೆಸುಗೆ ಹಾಕುವಾಗ ಮುಖ ಹೊಗೆಯಿಂದ ಒಂದು ಗೇಣು ದೂರ ಇರುತ್ತದೆ. ಲೆಕ್ಕ ಬೇರೆ, ಸ್ವಾಮಿ.

ಮೂವತ್ತು ವರ್ಷದ ಮಾತಿಗೆ ಬರೋಣ. ಈ ಹೊಗೆ ಎಲ್ಲರಿಗೂ ಕಾಯಿಲೆ ತರುವುದಿಲ್ಲ, ನಿಜ. ಆದರೆ ಯಾರಿಗೆ ಬಂತೋ ಅವರು ಎಲ್ಲಿ ಹೋದರು? ಕೆಮ್ಮು ತಾಳಲಾರದೆ ಕೆಲಸ ಬಿಟ್ಟು ಊರಿಗೆ ಬಂದರು. ಅವರ ಜಾಗಕ್ಕೆ ಮುಂದಿನ ಸೋಮವಾರ ಇನ್ನೊಬ್ಬ ಹುಡುಗಿ ಬಂದಳು. ಶೆಡ್ಡಿನಲ್ಲಿ ಉಳಿದವರು ತಡೆದುಕೊಂಡ ಗಟ್ಟಿಗರು. ಅವರನ್ನು ತೋರಿಸಿ 'ಯಾರಿಗೂ ಏನೂ ಆಗಿಲ್ಲ' ಅನ್ನುವುದು, ಗೆದ್ದ ಹೋರಿಗಳನ್ನು ಮಾತ್ರ ಎಣಿಸಿ ಜಾತ್ರೆಯಲ್ಲಿ ಯಾವ ಹೋರಿಯೂ ಸೋಲಲಿಲ್ಲ ಅಂದ ಹಾಗೆ.

ಸೋತವರ ಲೆಕ್ಕ ಪೀಣ್ಯದಲ್ಲಿ ಸಿಗುವುದಿಲ್ಲ. ಅದು ಕುಣಿಗಲ್, ಮಾಗಡಿ, ಗುಬ್ಬಿ, ಶಿರಾದ ಹಳ್ಳಿಗಳಲ್ಲಿದೆ. 'ಬೆಂಗಳೂರು ಒಗ್ಗದೆ ವಾಪಸ್ ಬಂದ ಹುಡುಗಿ' ಎಂಬ ಹೆಸರಿನಲ್ಲಿ ನಮ್ಮ ನಿಮ್ಮ ಬೀದಿಯಲ್ಲಿದೆ.

ಈ ಊರು ಕಟ್ಟಿದ್ದೇ ಬೆಸುಗೆಯ ಕೈಗಳು

ಬೆಂಗಳೂರು ಐಟಿ ನಗರ ಅನ್ನುತ್ತಾರೆ. ಅದಕ್ಕಿಂತ ಮೊದಲು ಅದು ಬೆಸುಗೆಯ ನಗರ. 1948ರಲ್ಲಿ ಐಟಿಐ ದೂರವಾಣಿ ಕಾರ್ಖಾನೆ ಬಂತು. 1954ರಲ್ಲಿ ಜಾಲಹಳ್ಳಿಯಲ್ಲಿ ಬಿಇಎಲ್ ಬಂತು. 1976ರಲ್ಲಿ ಕಿಯೋನಿಕ್ಸ್ ಹುಟ್ಟಿತು, ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಎರಡು ಹಳ್ಳಿಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಫೋನು, ರೇಡಿಯೋ, ಟಿವಿ, ಪ್ರತಿಯೊಂದರ ಒಳಗೂ ಯಾರೋ ಬಗ್ಗಿ ಕೂತು ಹಾಕಿದ ಸಾವಿರಾರು ಚುಕ್ಕಿ ಬೆಸುಗೆ ಇತ್ತು.

ಈಗ ದೊಡ್ಡ ಕಾರ್ಖಾನೆಗಳಲ್ಲಿ ಆ ಕೆಲಸ ಮುಚ್ಚಿದ ಯಂತ್ರಗಳಿಗೆ ಹೋಗಿದೆ. ಅವುಗಳ ಹೊಗೆಯನ್ನು ಕೊಳವೆ ಎಳೆದುಕೊಳ್ಳುತ್ತದೆ. ಕೈಬೆಸುಗೆ ಮಾತ್ರ ಕೆಳಗೆ ಕೆಳಗೆ ಇಳಿದು ಬಂದು ಸಣ್ಣ ಶೆಡ್ಡಿಗೆ, ಬಾಡಿಗೆ ಮನೆಯ ಹಾಲಿಗೆ ಸೇರಿದೆ. ಎಲ್‌ಇಡಿ ಬಲ್ಬು, ಚಾರ್ಜರ್, ಸ್ಟೆಬಿಲೈಸರ್, ರಿಪೇರಿ ಬೋರ್ಡು, ಎಲ್ಲ ಪೀಸ್ ಲೆಕ್ಕ.

ಕಾನೂನೂ ಅಲ್ಲಿಗೆ ಇಳಿಯುವುದಿಲ್ಲ. 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವ ಕಡೆ 10 ಜನ ಇದ್ದರೆ ಅನ್ವಯ ಅಂತ ಹೇಳಿತ್ತು. 2020ರ ಕಾರ್ಮಿಕ ಸುರಕ್ಷತಾ ಸಂಹಿತೆ ಅದನ್ನು 20ಕ್ಕೆ ಏರಿಸಿತು. ಏಳೆಂಟು ಹುಡುಗಿಯರ ಶೆಡ್ಡು ಎರಡರ ಲೆಕ್ಕಕ್ಕೂ ಸಿಗುವುದಿಲ್ಲ. ಶ್ವಾಸಕೋಶಕ್ಕೆ ಮಾತ್ರ ಶೆಡ್ಡಿನಲ್ಲಿ ಏಳು ಜನರೋ ಇಪ್ಪತ್ತೊಂದು ಜನರೋ ಗೊತ್ತಾಗುವುದಿಲ್ಲ.

ಫ್ಯಾನ್ ತಿರುಗಿಸಿದರೆ ಸಾಲದು

'ಟೇಬಲ್ ಫ್ಯಾನ್ ಇಟ್ಟಿದ್ದೀವಲ್ಲ' ಅನ್ನುತ್ತಾರೆ. ಮೇಜಿನ ಫ್ಯಾನ್ ನಿಮ್ಮ ಮುಖದ ಹೊಗೆಯನ್ನು ಪಕ್ಕದವಳ ಮುಖಕ್ಕೆ ಕಳಿಸುತ್ತದೆ, ಅಷ್ಟೇ. ಬಟ್ಟೆಯ ಮಾಸ್ಕ್, ಆಸ್ಪತ್ರೆಯ ನೀಲಿ ಮಾಸ್ಕ್ ಈ ಹೊಗೆ ತಡೆಯುವುದಿಲ್ಲ.

ಬೇಕಾದದ್ದು ಇಷ್ಟು: ಹೊಗೆ ಏಳುವ ಜಾಗದ ಹತ್ತಿರವೇ ಅದನ್ನು ಎಳೆದುಕೊಳ್ಳುವ ಬಾಯಿ, ಅದಕ್ಕೆ ಪೈಪು, ಪೈಪಿನ ಆಚೆ ತುದಿ ಗೋಡೆಯ ಹೊರಗೆ. ಎಕ್ಸಾಸ್ಟ್ ಫ್ಯಾನ್, ಬಾಗುವ ಪೈಪು ಸಿಗದ ಅಂಗಡಿ ಪೀಣ್ಯದಲ್ಲಿ ಇಲ್ಲ. ಲಕ್ಷಾಂತರ ರೂಪಾಯಿ ಯಂತ್ರ ತರುವ ಮಾಲೀಕರಿಗೆ ಇದು ಭಾರವಲ್ಲ. ಭಾರ ಅನ್ನಿಸುವುದು ಬದಲಿ ಹುಡುಗಿ ಪುಕ್ಕಟೆ ಸಿಗುತ್ತಾಳೆ ಎಂಬ ಧೈರ್ಯ ಇರುವುದರಿಂದ.

ರಾಳ ಇಲ್ಲದ ಫ್ಲಕ್ಸೂ ಮಾರುಕಟ್ಟೆಯಲ್ಲಿದೆ. ಅದರ ಹೊಗೆಯೂ ಕುಡಿಯುವಂಥದ್ದಲ್ಲ, ಅದಕ್ಕೂ ಪೈಪು ಬೇಕು. 'ಲೆಡ್ ಫ್ರೀ' ವೈರ್ ಅಂದರೆ ಸೀಸ ಇಲ್ಲ ಅಂತ ಮಾತ್ರ, ರಾಳ ಇಲ್ಲ ಅಂತಲ್ಲ. ಅದು ಕರಗುವುದಕ್ಕೆ ಹೆಚ್ಚು ಶಾಖ ಬೇಕಾದ್ದರಿಂದ ಹೊಗೆ ಇನ್ನೂ ಹೆಚ್ಚಬಹುದು.

ತರಬೇತಿ ಕೇಂದ್ರಗಳನ್ನೂ ಕೇಳಬೇಕು. ಐರನ್ ಹಿಡಿಯುವುದು ಹೇಗೆ ಅಂತ ಮೊದಲ ದಿನ ಹೇಳುತ್ತೀರಿ. ಉಸಿರಾಡುವುದು ಹೇಗೆ ಅಂತ ಯಾವ ದಿನ ಹೇಳುತ್ತೀರಿ?

ಮನೆಯವರು ಇವತ್ತೇ ಮಾಡಬಹುದಾದ್ದು

ಮಗಳೋ ತಂಗಿಯೋ ಬೆಸುಗೆ ಕೆಲಸದಲ್ಲಿದ್ದರೆ ಫೋನಿನಲ್ಲಿ 'ಊಟ ಆಯ್ತಾ' ಅಂತ ಕೇಳಿದ ಮೇಲೆ ಇನ್ನೆರಡು ಕೇಳಿ: ರಾತ್ರಿ ಕೆಮ್ಮು ಬರುತ್ತಾ? ರಜೆಯಲ್ಲಿ ಕಡಿಮೆ ಆಗುತ್ತಾ? ಹೌದು ಅಂದರೆ ಸುಮ್ಮನೆ ಸಿರಪ್ ಕುಡಿಸಬೇಡಿ.

ಡಾಕ್ಟರ ಹತ್ತಿರ 'ಕಂಪನಿ ಕೆಲಸ' ಅನ್ನಬೇಡಿ. 'ರಾಳದ ಫ್ಲಕ್ಸ್ ಹಾಕಿ ಬೆಸುಗೆ ಮಾಡುವ ಕೆಲಸ, ಹೊಗೆ ಮುಖಕ್ಕೆ ಬರುತ್ತದೆ' ಅಂತ ಬಿಡಿಸಿ ಹೇಳಿ. ಪೀಕ್ ಫ್ಲೋ ಮೀಟರ್ ಎಂಬ ಊದುವ ಸಣ್ಣ ಸಾಧನವಿದೆ. ಕೆಲಸದ ದಿನ, ರಜೆಯ ದಿನ ಎರಡರಲ್ಲೂ ದಿನಕ್ಕೆ ನಾಲ್ಕು ಸಲ ಊದಿ ಕೆಲವು ವಾರ ಅಂಕಿ ಬರೆದಿಟ್ಟರೆ, ಕಾಯಿಲೆ ಎಲ್ಲಿಂದ ಬರುತ್ತಿದೆ ಅಂತ ಡಾಕ್ಟರಿಗೆ ಗೊತ್ತಾಗುತ್ತದೆ. ಬೇಗ ಹೊಗೆಯಿಂದ ದೂರ ಸರಿದವರು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ತಡ ಮಾಡಿದರೆ ಉಬ್ಬಸ ಜೀವಮಾನದ ಸಂಗಾತಿ ಆಗಬಹುದು.

10 ಅಥವಾ ಹೆಚ್ಚು ಜನ ಇರುವ ಕಾರ್ಖಾನೆಯಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದರೆ ಇಎಸ್‌ಐ ಹಕ್ಕು. ಪೀಣ್ಯದಲ್ಲಿ, ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಕಾರ್ಡ್ ಕೊಟ್ಟಿದ್ದಾರಾ ಅಂತ ಮೊದಲು ನೋಡಿ.

ಮನೆಯಲ್ಲೇ ರಿಪೇರಿ ಮಾಡುವ ಹುಡುಗರು ಕಿಟಕಿ ಪಕ್ಕ ಕೂರಲಿ, ಹೊಗೆ ಹೊರಗೆ ಹೋಗುವಂತೆ ಫ್ಯಾನನ್ನು ಕಿಟಕಿಯ ಕಡೆ ತಿರುಗಿಸಲಿ. ಮುಖ ನೇರ ಮೇಲಿರದೆ ಪಕ್ಕಕ್ಕಿರಲಿ. ಅಡುಗೆಮನೆಯಲ್ಲಿ, ಮಗು ಮಲಗುವ ಕೋಣೆಯಲ್ಲಿ ಬೆಸುಗೆ ಬೇಡ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಲಿ.

ವಿಡಿಯೋ ಮಾಡುವ ತಮ್ಮಂದಿರಿಗೆ ಒಂದು ಮಾತು. ಫ್ಲಕ್ಸ್ ಮಾಡಿ, ತೋರಿಸಿ, ಕಲಿಸಿ. ಆದರೆ ಆ ಕೊನೆಯ ಮಾತು ತೆಗೆದು, ಆ ಜಾಗದಲ್ಲಿ ಕಿಟಕಿ ತೆರೆಯುವುದನ್ನು ತೋರಿಸಿ. ಹಾವಿನ ವಿಷವೂ ನ್ಯಾಚುರಲ್ಲೇ, ತಂಬಾಕೂ ಗಿಡದ್ದೇ.

ನನ್ನಂಥ ವರದಿಗಾರರಿಗೂ ಹೇಳಬೇಕು. ಸುದ್ದಿಗೆ ಇಷ್ಟು ಅಂತ ದುಡಿಯುವ ನಮಗೆ ಇನ್ನೊಂದು ಫೋನ್ ಮಾಡುವುದೂ ಖರ್ಚೇ. ಆ ಒಂದು ಫೋನ್ ಉಳಿಸಿದ್ದಕ್ಕೇ ನಾನು ಸುಳ್ಳು ತಲೆಬರಹ ಕೊಟ್ಟೆ.

ಕುಣಿಗಲ್ಲಿನ ಆ ತಾಯಿಗೆ ಮತ್ತೆ ಫೋನ್ ಮಾಡಿದೆ. ಧೂಳಲ್ಲಮ್ಮ, ಹೊಗೆಯೇ ಇರಬೇಕು, ಡಾಕ್ಟರಿಗೆ ಹೀಗೆ ಹೀಗೆ ಹೇಳಿ ಅಂದೆ. "ಹಂಗಂತ ಆವತ್ತೇ ಬರೀಬೋದಿತ್ತಲ್ಲಪ್ಪಾ" ಅಂದರು.

ಬರೆಯಬಹುದಿತ್ತು. ಈಗ ಬರೆದಿದ್ದೇನೆ.